ಕಾಶಿಯಾತ್ರೆಯ ಒಂಬತ್ತನೇ ನಂಬರ್ ಶೂ

ನಮ್ಮ ಮನೆಯಲ್ಲಿ ನನ್ನ ಕೈಕೆಲಸಕ್ಕೆ ಅಪ್ಪ ಇಟ್ಟಿದ್ದ ಹೆಸರು ‘ಹಾವಳಿ’. ಸಂಜೆ ಫ್ಯಾಕ್ಟರಿಯಿಂದ ಬಂದು ಮೆಟ್ಟಿಲು ಹತ್ತುವಾಗಲೇ, “ಇವತ್ತೇನು ಹಾವಳಿ?” ಎಂದು ಅಮ್ಮನನ್ನು ಕೇಳುತ್ತಿದ್ದರು. ಅಮ್ಮ ಕೈ ತೋರಿಸುತ್ತಿದ್ದಳು. ತೋರಿಸಿದ ಕಡೆ ಏನಾದರೂ ಒಂದು ಒಣಗುತ್ತಿರುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ವಿಜಯನಗರದ ಸುತ್ತ ಎರಡು ಬೀದಿಗೊಂದು ಹಾಬಿ ಕ್ಲಾಸ್ ಇತ್ತು. ಮಡಕೆಗೆ ಬಣ್ಣ, ಬಾಟಲಿಗೆ ಬಣ್ಣ, ಕಿಟಕಿ ಗಾಜಿಗೆ ಬಣ್ಣ, ಹಾಳಾದ ಸಿ.ಡಿ.ಗೆ ಚಮ್ಕಿ. ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ಕಾಲೇಜಿನಲ್ಲಿ ಏನು ಕಲಿತೆನೋ ದೇವರೇ ಬಲ್ಲ, ಹಾಬಿ ಕ್ಲಾಸಿನಲ್ಲಿ ಮಾತ್ರ ಒಂದು ದಿನವೂ ಗೈರುಹಾಜರಾಗಲಿಲ್ಲ. ಅಜ್ಜಿಯ ಹಳೆಯ ತಗಡಿನ ಪೆಟ್ಟಿಗೆಯೊಂದನ್ನು ಕಾಡಿ ಬೇಡಿ ಇಸಿದುಕೊಂಡು, ಅದರ ತುಂಬ ಬಣ್ಣ, ಬ್ರಷ್ಷು, ಮಣಿ, ಚಮ್ಕಿ, ಗೆಜ್ಜೆ, ಅಂಟು ತುಂಬಿಟ್ಟುಕೊಂಡಿದ್ದೆ. ಮನೆಯಲ್ಲಿ ಬೇರೆಲ್ಲವೂ ಅಕ್ಕನಿಗೂ ನನಗೂ ಸೇರಿ ಇತ್ತು. ಪೆಟ್ಟಿಗೆ ಮಾತ್ರ ನನ್ನೊಬ್ಬಳದು. ಅದನ್ನು ಯಾರಾದರೂ ಮುಟ್ಟಿದರೆ ನಾನು ಮನುಷ್ಯಳಾಗಿ ಇರುತ್ತಿರಲಿಲ್ಲ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ.

ಆ ಪೆಟ್ಟಿಗೆಗೆ ಕುತ್ತು ತಂದದ್ದು ಒಂದು ಗಿಣಿ. ದಿಂಬಿನ ಕವರಿನ ಮೇಲೆ ಫ್ಯಾಬ್ರಿಕ್ ಪೇಂಟಿನಲ್ಲಿ ಗಿಣಿ ಬರೆಯುತ್ತಿದ್ದೆ. ಕೆಳಗೆ ಮೆತ್ತಗಿರಲಿ ಅಂತ ಕೈಗೆ ಸಿಕ್ಕಿದ ಒಂದು ಬಿಳಿ ಬಟ್ಟೆಯನ್ನು ಮಡಿಸಿ ಇಟ್ಟುಕೊಂಡೆ. ಅದು ಅಪ್ಪನ ಪಂಚೆ. ಬಣ್ಣ ಇಳಿದದ್ದು ನನಗೆ ಗೊತ್ತಾಗಲಿಲ್ಲ, ಪಂಚೆಯನ್ನು ಹಾಗೇ ಮಡಿಸಿದಲ್ಲೇ ಇಟ್ಟೆ. ಅಪ್ಪ ಮಾರನೆಯ ದಿನ ಅದನ್ನೇ ಉಟ್ಟುಕೊಂಡು ಅತ್ತಿಗುಪ್ಪೆಯಲ್ಲಿ ಪರಿಚಯದವರ ಗೃಹಪ್ರವೇಶಕ್ಕೆ ಹೋದರು, ಮನೆಯೆಲ್ಲ ತಿರುಗಿ ನೋಡಿದರು, ಮೂರನೇ ಪಂಕ್ತಿಯಲ್ಲಿ ಊಟ ಮಾಡಿದರು. ಕೈ ತೊಳೆಯುವಾಗ ಯಾರೋ ಹತ್ತಿರ ಬಂದು, “ಸಾರ್, ತಪ್ ತಿಳ್ಕೋಬೇಡಿ, ಹಿಂದೆ ಒಂದು ಗಿಣಿ ಕೂತಿದೆ” ಅಂದರಂತೆ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ನಾನೂ ಎದುರು ಮಾತಾಡಿ ಜಗಳವನ್ನು ಸಮಕ್ಕೆ ತರುತ್ತಿದ್ದೆ. “ಆ ಪೆಟ್ಟಿಗೆ ಗುಜರಿಯವನಿಗೆ” ಎಂದಷ್ಟೇ ಹೇಳಿ, ಬೇರೆ ಪಂಚೆ ಉಟ್ಟುಕೊಂಡು ಪೇಪರ್ ಹಿಡಿದು ಕೂತರು. ಅಷ್ಟರಲ್ಲಿ ಅಕ್ಕನ ಮದುವೆ ಗೊತ್ತಾಗಿ, ಆ ಗಡಿಬಿಡಿಯಲ್ಲಿ ಗುಜರಿಯ ಮಾತು ಹಿಂದಕ್ಕೆ ಹೋಯಿತು. ನಾನು ಪೆಟ್ಟಿಗೆಯನ್ನು ಮಂಚದ ಕೆಳಗೆ ಅಜ್ಜಿಯ ಹಾಸಿಗೆಯ ಹಿಂದಕ್ಕೆ ತಳ್ಳಿ, ಅದು ಇಲ್ಲವೇ ಇಲ್ಲವೇನೋ ಅನ್ನುವ ಹಾಗೆ ಓಡಾಡಿಕೊಂಡಿದ್ದೆ.

ನಿಶ್ಚಿತಾರ್ಥ ಆರ್‌ಪಿಸಿ ಲೇಔಟಿನ ನಮ್ಮ ಬಾಡಿಗೆ ಮನೆಯ ಮಹಡಿಯಲ್ಲೇ ನಡೆಯಿತು. ಗಂಡು ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುವ ಮೇಷ್ಟ್ರು, ಅನ್ನಪೂರ್ಣೇಶ್ವರಿ ನಗರದವರು. ಕನ್ನಡಕ, ತೆಳು ಮೈ, ಮೆಲ್ಲನೆಯ ಮಾತು. ಶಾಸ್ತ್ರ ಮುಗಿದು ಎರಡೂ ಕಡೆಯ ಹೆಂಗಸರು ಮದುವೆಯ ಪಟ್ಟಿ ಹಾಕುತ್ತ ಕೂತಾಗ, ಗಂಡಿನ ತಾಯಿ ಕಾಶಿಯಾತ್ರೆಯ ಮಾತೆತ್ತಿದರು. ಮದುವೆಯ ಬೆಳಿಗ್ಗೆ ಗಂಡು, “ನನಗೆ ಸಂಸಾರ ಬೇಡ, ಕಾಶಿಗೆ ಹೊರಟೆ” ಎಂದು ಕೊಡೆ, ಬೆತ್ತ ಹಿಡಿದು, ಕಾಲಿಗೆ ಮೆಟ್ಟಿಕೊಂಡು ಛತ್ರದ ಬಾಗಿಲಿನಿಂದ ಹೊರಡುವುದು, ಹುಡುಗಿಯ ತಂದೆ ಅಡ್ಡ ಬಂದು, “ಬೇಡಪ್ಪಾ, ನನ್ನ ಮಗಳನ್ನು ಕೊಡುತ್ತೇನೆ, ಬಾ” ಎಂದು ಕರೆದುಕೊಂಡು ಬರುವುದು, ಇದು ಶಾಸ್ತ್ರ. ಕೊಡೆ, ಬೆತ್ತ, ಮೆಟ್ಟು ಎಲ್ಲ ಹೆಣ್ಣಿನ ಕಡೆಯವರೇ ಕೊಡಬೇಕು.

“ಈಗೆಲ್ಲಾ ಅಂಗಡೀಲೇ ಅಲಂಕಾರ ಮಾಡಿದ ಸೆಟ್ ಸಿಗತ್ತೆ. ಚೆನ್ನಾಗಿರೋದೇ ತನ್ನಿ, ವಿಡಿಯೋದಲ್ಲಿ ಬರತ್ತಲ್ಲ” ಎಂದರು ಗಂಡಿನ ತಾಯಿ.

ಆಗ ನನ್ನ ಅಕ್ಕ, ಬೆಳಗಿನಿಂದ ಬಾಯಿಯನ್ನೇ ತೆರೆಯದಿದ್ದವಳು, ತಲೆ ಎತ್ತಿ, “ಅಂಗಡೀದು ಬೇಡ ಆಂಟಿ, ನನ್ ತಂಗೀನೇ ಮಾಡ್ತಾಳೆ. ಅವಳ ಕೈಕೆಲಸ ತುಂಬಾ ಚೆನ್ನಾಗಿದೆ” ಅಂದುಬಿಟ್ಟಳು.

ಅಪ್ಪ ಕಾಫಿ ಕುಡಿಯುತ್ತಿದ್ದವರು ಲೋಟವನ್ನು ಬಾಯಿಯ ಹತ್ತಿರವೇ ನಿಲ್ಲಿಸಿ ನನ್ನನ್ನು ನೋಡಿದರು. ಆ ನೋಟದಲ್ಲಿ ಪೂರ್ತಿ ಒಂದು ಗಿಣಿ ಇತ್ತು.

ಬೀಗರ ಮುಂದೆ ಏನೂ ಅನ್ನಲಿಲ್ಲ. ಅವರು ಊಟಕ್ಕೆ ಏಳುವ ಹೊತ್ತಿಗೆ ನನ್ನನ್ನು ಮೂಲೆಗೆ ಕರೆದು, “ನೋಡು, ನಿಮ್ಮಕ್ಕ ಮರ್ಯಾದೆ ಪಣಕ್ಕಿಟ್ಟಿದಾಳೆ. ಗಂಡಿನ ಕಾಲಿಗೆ ಸರಿಹೋಗ್ಬೇಕು, ನಾಲ್ಕ್ ಜನ ಮೆಚ್ಚೋ ಹಾಗಿರ್ಬೇಕು. ಹಾಗಾದ್ರೆ ನಿನ್ ಪೆಟ್ಟಿಗೆ ನಿನ್ ಹತ್ರಾನೇ ಇರ್ಲಿ, ನಾನ್ ಸೊಲ್ಲೆತ್ತಲ್ಲ. ಎಡವಟ್ಟಾದ್ರೆ ಮಾತ್ರ ಗುಜರೀನೇ. ಅಳೋ ಹಾಗಿಲ್ಲ” ಎಂದರು.

“ಆಗ್ಲಿ, ನೋಡ್ತಾ ಇರಿ” ಅಂದೆ. ಕೊಬ್ಬು.

ಮೊದಲು ಅಳತೆ ಬೇಕಿತ್ತು. ಅಕ್ಕನನ್ನು ಒಳಗೆ ಎಳೆದು, “ಹೋಗಿ ಕೇಳೇ, ಕಾಲು ಎಷ್ಟು ನಂಬರು ಅಂತ” ಎಂದರೆ, “ಛೀ, ಅದನ್ನೆಲ್ಲ ಹ್ಯಾಗೇ ಕೇಳೋದು!” ಎಂದು ಕೆಂಪಾದಳು. ಕೆಮಿಸ್ಟ್ರಿ ಮೇಷ್ಟ್ರ ಕಾಲಿನ ನಂಬರಿನಲ್ಲಿ ನಾಚಿಕೊಳ್ಳುವುದಕ್ಕೆ ಏನಿದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ನನ್ನ ತಲೆ ಓಡುತ್ತಿತ್ತು. ಬಂದವರೆಲ್ಲ ಮೆಟ್ಟುಗಳನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬಂದಿದ್ದರಲ್ಲ! ಎಲ್ಲರೂ ಮಹಡಿಯ ಮೇಲೆ ಎಲೆ ಮುಂದೆ ಕೂತಿದ್ದಾಗ, ಹಳೆಯ ಕ್ಯಾಲೆಂಡರಿನ ಹಾಳೆ, ಪೆನ್ಸಿಲ್ಲು ಹಿಡಿದು ಮೆಟ್ಟಿಲಿಗೆ ಹೋದೆ.

ಮೂವತ್ತು ಜನರ ಮೆಟ್ಟು ಒಂದರ ಮೇಲೊಂದು ಬಿದ್ದಿದ್ದವು. ನಾನು ಪತ್ತೇದಾರರ ಹಾಗೆ ಒಂದೊಂದೇ ನೋಡಿದೆ. ಹೆಂಗಸರದ್ದು ಬಿಟ್ಟೆ. ಹಿಮ್ಮಡಿ ಸವೆದದ್ದು ಬಿಟ್ಟೆ. ಕಂದು ಬಣ್ಣದ ಒಂದು ಜೊತೆ ಸಾದಾ ಸ್ಯಾಂಡಲ್ ಇತ್ತು, ಅದನ್ನು ಕಾಲಿನಿಂದಲೇ ಅತ್ತ ಸರಿಸಿದೆ. ಗೋಡೆಯ ಪಕ್ಕ, ಯಾರೂ ತುಳಿಯದ ಹಾಗೆ ಓರೆಯಾಗಿ, ಒಂದು ಜೊತೆ ಕಪ್ಪು ಲೇಸಿನ ಶೂ. ಹೊಸದು. ಅಟ್ಟೆ ಇನ್ನೂ ಸವೆದಿಲ್ಲ. ಮುಖ ಕಾಣುವಷ್ಟು ಹೊಳಪು. ಇಷ್ಟು ಹೊಸ ಶೂ ಹಾಕಿಕೊಂಡು ಬರುವವನು ಮದುವೆ ಗಂಡಲ್ಲದೆ ಇನ್ಯಾರು? ಹಾಳೆಯ ಮೇಲೆ ಇಟ್ಟು ಅಟ್ಟೆಯ ಸುತ್ತ ಗೆರೆ ಎಳೆದುಕೊಂಡೆ. ಮೈ ಸಣ್ಣಗಿದ್ದರೂ ಭಾವನ ಕಾಲು ಭರ್ಜರಿ ಅಂದುಕೊಂಡೆ.

ಅಜ್ಜಿಯ ಕಟ್ಟಪ್ಪಣೆ ಒಂದಿತ್ತು: “ಮಂಗಳಕಾರ್ಯಕ್ಕೆ ಚರ್ಮದ್ದು ಬೇಡ, ಬಟ್ಟೇದು ತಾ.” ಹಾಗಾಗಿ ವಿಜಯನಗರದ ಬಸ್ ಸ್ಟ್ಯಾಂಡಿನ ಹತ್ತಿರದ ಸಣ್ಣ ಅಂಗಡಿಗೆ ಹೋಗಿ, ಶಾಲೆಯ ಮಕ್ಕಳು ಶನಿವಾರ ಹಾಕಿಕೊಳ್ಳುವಂಥ ಬಿಳಿ ಕ್ಯಾನ್ವಾಸ್ ಶೂ ಕೇಳಿದೆ. ಅಂಗಡಿಯವರು ನನ್ನ ಹಾಳೆಯ ಮೇಲೆ ಒಂದೊಂದೇ ಶೂ ಇಟ್ಟು ನೋಡಿದರು.

“ಅಟ್ಟೆ ಸುತ್ತ ಗೆರೆ ಎಳ್ದಿದೀರ, ಅಟ್ಟೆಗೆ ಅಟ್ಟೇನೇ ಇಟ್ಟು ನೋಡ್ಬೇಕು. ಹಾಂ, ಒಂಬತ್ತು. ಯಾರ್ ಕಾಲಮ್ಮಾ ಇದು, ಒಳ್ಳೆ ಅಡಿಪಾಯ ಹಾಕ್ದಂಗಿದೆ?”

“ನಮ್ ಭಾವಂದು” ಎಂದೆ, ಹೆಮ್ಮೆಯಿಂದ.

ಮನೆಗೆ ತಂದಾಗ ಅಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ, “ಅಳತೆ ಸರಿಯಾಗಿದ್ಯೇನೇ? ದೋಣಿ ಥರ ಇದೆ” ಅಂದಳು. “ನಾನೇ ಕೈಯಾರೆ ಅಳತೆ ತಗೊಂಡಿದೀನಿ, ಸುಮ್ನಿರಮ್ಮ” ಎಂದು ಬಾಯಿ ಮುಚ್ಚಿಸಿದೆ. ಅಮ್ಮನ ಬಾಯಿ ಮುಚ್ಚಿಸಿದ ದಿನಗಳಲ್ಲೆಲ್ಲ ನನಗೆ ಒಳ್ಳೆಯದಾಗಿದ್ದೇ ಇಲ್ಲ.

ಕೊಡೆ, ಬೆತ್ತ ಎರಡು ದಿನದಲ್ಲಿ ಮುಗಿದವು. ಕೊಡೆಯ ಅಂಚಿಗೆ ಲೇಸು, ಬೆತ್ತಕ್ಕೆ ಜರಿ ರಿಬ್ಬನ್ನು, ಅಷ್ಟೇ. ಶೂ ಮಾತ್ರ ಒಂದು ತಿಂಗಳು ನನ್ನ ಜೀವ ತಿಂದಿತು. ಮದುವೆಯಲ್ಲಿ ಬರೀ ಬಿಳಿ ಬೇಡ ಎಂದು ಮರೂನ್ ಬಣ್ಣ ಎರಡು ಸಲ ಬಳಿದು, ಬಟ್ಟೆ ಒಣಗಿಸುವ ತಂತಿಗೆ ಕ್ಲಿಪ್ ಹಾಕಿ ನೇತುಹಾಕಿದೆ. ಕೆಳಗಿನ ಮನೆಯ ಆಂಟಿಯ ಬಿಳಿ ಬೆಡ್‌ಶೀಟಿನ ಮೇಲೆ ನಾಲ್ಕು ಹನಿ ಬಿತ್ತು. ಅವರು ಮಾಡಿದ ಮಂಗಳಾರತಿಯನ್ನು ತಲೆ ತಗ್ಗಿಸಿ ಸ್ವೀಕರಿಸಿದೆ, ಯಾಕೆಂದರೆ ಗಲಾಟೆಯಾದರೆ ಅಪ್ಪನ ಕಿವಿಗೆ ಬೀಳುತ್ತಿತ್ತು.

ಆಮೇಲೆ ಚಮ್ಕಿ, ಮಣಿಗಳನ್ನು ಬಿಳಿ ಅಂಟಿನಲ್ಲಿ ಅಂಟಿಸಿದೆ. ಮೂರು ದಿನದ ಕೆಲಸ. ನವಿಲುಗರಿಯ ಹಾಗೆ ಸಾಲು ಸಾಲು. ಅಜ್ಜಿ ಕೈಗೆತ್ತಿಕೊಂಡು, “ಗಟ್ಟಿಯಾಗಿದ್ಯಾ?” ಎಂದು ಉಗುರಿನಿಂದ ಒಂದು ಸಲ ಕೆರೆದರು. ಮೂರು ದಿನದ ಕೆಲಸ ಪರಪರ ಅಂತ ಅಜ್ಜಿಯ ಮಡಿಲಿಗೆ ಉದುರಿತು. ನನ್ನ ಕಣ್ಣಲ್ಲಿ ಬೆಂಕಿ.

“ಕೆರೀಬೇಕಿತ್ತಾ ಅಜ್ಜೀ!”

“ನಾನು ಕೆರೆದ್ರೆ ಇಲ್ಲೇ ಬಿತ್ತು. ಅವನು ನಡೆದ್ರೆ ಛತ್ರದ ತುಂಬಾ ಬೀಳ್ತಿತ್ತು. ಹೊಲೀಬೇಕು ಕಣೇ, ಅಂಟಿಸೋದಲ್ಲ” ಎಂದು ಅಜ್ಜಿ ತಮ್ಮ ದಬ್ಬಳ ತಂದುಕೊಟ್ಟರು, ಗೋಣಿಚೀಲ ಹೊಲಿಯುವ ದಪ್ಪ ಸೂಜಿ.

ಬಣ್ಣ ಕುಡಿದ ಕ್ಯಾನ್ವಾಸು ಮರದ ಹಲಗೆಯಾಗಿತ್ತು. ಬಣ್ಣ ಹಚ್ಚುವ ಮೊದಲೇ ಹೊಲಿಗೆಗೆ ತೂತು ಹಾಕಿಟ್ಟುಕೊಳ್ಳಬೇಕಿತ್ತು ಅಂತ ಗೊತ್ತಾಗುವಷ್ಟರಲ್ಲಿ ನನ್ನ ಐದೂ ಬೆರಳು ತೂತಾಗಿದ್ದವು. ಒಂದು ದಿನ ದಬ್ಬಳ ಉಗುರಿನ ಸಂದಿಗೆ ಇಳಿದಾಗ ತಡೆಯಲಾರದೆ ಎಡಗಾಲಿನ ಶೂವನ್ನು ಎಸೆದೆ. ಅದು ಮಹಡಿಯ ಗೋಡೆ ದಾಟಿ ಕೆಳಗಿನ ಆಂಟಿಯ ಪುದೀನ ಕುಂಡಕ್ಕೆ ಬಿತ್ತು. ಮತ್ತೆ ನಾನೇ ಇಳಿದು ಹೋಗಿ, ಮತ್ತೊಂದು ಮಂಗಳಾರತಿ ಮಾಡಿಸಿಕೊಂಡು ತಂದೆ.

ಅಕ್ಕ ಶಾಲೆಯ ಆಫೀಸಿನಲ್ಲಿ ಕೆಲಸ ಮುಗಿಸಿ ಬಂದವಳು ಸಂಜೆ ನನ್ನ ಪಕ್ಕ ಕೂತು ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದಳು. ಧಾರೆ ಸೀರೆಯ ರವಿಕೆ ಹೊಲಿಸಿ ಮಿಕ್ಕಿದ್ದ ಜರಿ ಅಂಚನ್ನು ತಾನೇ ತಂದುಕೊಟ್ಟಳು. ಅದನ್ನು ಶೂವಿನ ಬಾಯಿಯ ಸುತ್ತ ಹೊಲಿದೆ. “ಅವ್ರ ಕಾಲು ಇಷ್ಟು ದೊಡ್ಡದಾ?” ಎಂದು ಒಮ್ಮೆ ಮೆಲ್ಲಗೆ ಕೇಳಿದಳು. “ನೀನು ನೋಡಿಲ್ವಾ?” ಅಂದರೆ, “ನಾನ್ ತಲೆ ತಗ್ಗಿಸಿದ್ರೂ ಅವ್ರ ಕಾಲು ನೋಡ್ತಿರ್ಲಿಲ್ಲ, ನನ್ ಕಾಲೇ ನೋಡ್ಕೋತಿದ್ದೆ” ಎಂದು ನಕ್ಕಳು.

“ನೀನ್ಯಾಕೇ ಅವತ್ತು ಅಷ್ಟು ಜನದ ಮುಂದೆ ನನ್ನ ಹೆಸರು ಹೇಳ್ದೆ?” ಎಂದು ಕೇಳಿದೆ.

“ನಾನ್ ಹೋದ್ಮೇಲೆ ಆ ಪೆಟ್ಟಿಗೇನಾದ್ರೂ ನಿನ್ ಹತ್ರ ಇರ್ಲಿ ಅಂತ ಕಣೇ. ಇಲ್ದಿದ್ರೆ ಸಂಜೆ ಹೊತ್ತು ಏನ್ ಮಾಡ್ತೀಯಾ?”

ಅಕ್ಕ ಹೋಗುವುದು ನನಗೆ ಸ್ವಲ್ಪವೂ ಇಷ್ಟವಿರಲಿಲ್ಲ. ಅದನ್ನು ಹೇಳುವ ಬದಲು, “ದಾರ ಸರಿಯಾಗಿ ಗಂಟು ಹಾಕು, ಬಿಚ್ಚಿಹೋಗತ್ತೆ” ಎಂದು ರೇಗಿದೆ. ಕೊನೆಯಲ್ಲಿ ಹಿಮ್ಮಡಿಗೆ ಆರಾರು ಸಣ್ಣ ಗೆಜ್ಜೆ ಹೊಲಿದೆ. ಶೂ ಅಂದರೆ ಅದು! ಅಪ್ಪ ಕೂಡ ಹಾದುಹೋಗುವಾಗ ನಿಂತು ನೋಡಿ, “ಹೂಂ” ಅಂದರು. ನಮ್ಮಪ್ಪನ ಬಾಯಲ್ಲಿ ಹೂಂ ಅಂದರೆ ಬೇರೆಯವರ ಮನೆಯಲ್ಲಿ ಶಾಲು ಹೊದಿಸಿದ ಹಾಗೆ.

ಮದುವೆಯ ಬೆಳಿಗ್ಗೆ ಛತ್ರದ ಬಾಗಿಲಲ್ಲಿ ವಾಲಗ, ವಿಡಿಯೋದವರ ದೀಪ, ಎರಡೂ ಕಡೆಯ ಜನ. ಛತ್ರದವರು ಕಾಂಪೌಂಡ್ ಕಟ್ಟಿಸುತ್ತಿದ್ದರು, ಗೇಟಿನವರೆಗೂ ಜಲ್ಲಿ ಸುರಿದಿತ್ತು. ಗಂಡಿನ ಕೈಗೆ ಕೊಡೆ, ಬೆತ್ತ ಕೊಟ್ಟು, ನಾನು ತಟ್ಟೆಯಲ್ಲಿ ಶೂ ತಂದಿಟ್ಟಾಗ ಗಂಡಿನ ಕಡೆಯ ಹೆಂಗಸರೆಲ್ಲ ಬಗ್ಗಿ ನೋಡಿ, “ಅಯ್ಯೋ ಎಷ್ಟು ಚೆನ್ನಾಗಿದೆ! ಮನೇಲೇ ಮಾಡಿದ್ದಾ?” ಎಂದರು. ನಾನು ಆಗಲೇ ಮನಸ್ಸಿನಲ್ಲಿ ಪೆಟ್ಟಿಗೆಯನ್ನು ಮಂಚದ ಕೆಳಗಿನಿಂದ ತೆಗೆದು ಕಿಟಕಿಯ ಪಕ್ಕ ಇಟ್ಟಾಗಿತ್ತು.

ಭಾವ ಕಾಲಿಟ್ಟರು. ಒಳಗೆ ಹೋದ ಕಾಲು ಎಲ್ಲಿಗೆ ಹೋಯಿತು ಅಂತಲೇ ಗೊತ್ತಾಗಲಿಲ್ಲ. ಅವರು ನನ್ನನ್ನು ನೋಡಿದರು, ನಾನು ವಾಲಗದವರನ್ನು ನೋಡಿದೆ. ಪಾಪ, ಮರ್ಯಾದಸ್ಥರು, ಹಾಗೇ ಹೆಜ್ಜೆ ಎತ್ತಿದರು. ಕಾಲು ಬಂತು, ಶೂ ಬರಲಿಲ್ಲ. ಮತ್ತೆ ತೂರಿಸಿಕೊಂಡು, ಎತ್ತದೆ, ನೆಲ ಒರೆಸುವ ಹಾಗೆ ಎಳೆದುಕೊಂಡು ಹೊರಟರು. ಘಲ್, ಸರ್, ಘಲ್, ಸರ್. ಜಲ್ಲಿಗೆ ಇಳಿದ ಕೂಡಲೇ ಎರಡು ಶೂಗಳೂ ಅಲ್ಲೇ ನಿಂತವು, ಭಾವ ಮಾತ್ರ ಒಂದು ಮಾರು ಮುಂದಕ್ಕೆ ಹೋಗಿ ಬರಿಗಾಲಲ್ಲಿ ಜಲ್ಲಿಯ ಮೇಲೆ “ಸ್ಸ್, ಹಾ” ಎಂದು ಕುಣಿಯತೊಡಗಿದರು.

“ಏನ್ ಬೀಗರೇ!” ಎಂದರು ಗಂಡಿನ ಸೋದರಮಾವ, ಇಡೀ ಛತ್ರಕ್ಕೆ ಕೇಳುವ ಹಾಗೆ. “ನಮ್ ಹುಡುಗ ನಿಜವಾಗ್ಲೂ ಕಾಶಿಗೆ ಓಡಿಹೋಗ್ಬಿಟ್ಟಾನು ಅಂತ ಭಯಾನಾ? ಆನೆ ಕಾಲಿನ ಅಳತೆ ಕೊಟ್ಟಿದೀರಲ್ಲ!”

ಛತ್ರ ನಕ್ಕಿತು. ವಿಡಿಯೋದವನು, “ಸಾರ್, ಶೂ ಬಿಟ್ಟುಹೋಗಿದ್ದು ಫೋಕಸ್ ಆಗಿಲ್ಲ, ಇನ್ನೊಂದ್ಸಲ” ಅಂದ. ಅವನ ಕ್ಯಾಮೆರಾ ಕಿತ್ತು ಜಲ್ಲಿಗೆ ಎಸೆಯಬೇಕು ಅನ್ನಿಸಿತು. ಭೂಮಿ ಬಾಯಿ ಬಿಟ್ಟರೆ ಇಳಿದುಹೋಗೋಣ ಅಂದುಕೊಂಡೆ, ಅದೂ ಜಲ್ಲಿಯಿಂದ ಮುಚ್ಚಿಹೋಗಿತ್ತು.

ಅಪ್ಪ ಮುಂದೆ ಬಂದು, ಶಾಸ್ತ್ರದ ಮಾತು ಹೇಳಿ, ಭಾವನ ಕೈ ಹಿಡಿದರು. ಸೋದರಮಾವ ಇನ್ನೊಂದು ಕೈ ಹಿಡಿದು ಅವರನ್ನು ಬಾಗಿಲಲ್ಲಿ ಹಾಸಿದ್ದ ಚಾಪೆಗೆ ಹತ್ತಿಸಿದರು. ಜಲ್ಲಿಯ ನಡುವೆ ಮಿಂಚುತ್ತ ನಿಂತಿದ್ದ ಶೂಗಳ ಕಡೆ ಅಪ್ಪ ಬಗ್ಗಿದಾಗ ಪುರೋಹಿತರು ಕೂಗಿದರು:

“ಯಜಮಾನ್ರೇ, ಮೆಟ್ಟು ಕೈಯಲ್ಲಿ ಮುಟ್ಬೇಡಿ! ಅದೇ ಕೈಯಲ್ಲಿ ಧಾರೆ ಎರೀಬೇಕು. ಕಾಲಿಗೆ ಹಾಕ್ಕೊಂಡು ಬಂದ್ಬಿಡಿ, ಹೊತ್ತಾಯ್ತು.”

ಅಪ್ಪನೂ ಬರಿಗಾಲಲ್ಲೇ ಇದ್ದರು. ಒಂದು ಕ್ಷಣ ಅನುಮಾನಿಸಿ, ಬಲಗಾಲಿಟ್ಟರು, ಎಡಗಾಲಿಟ್ಟರು. ಆಮೇಲೆ ನಡೆದುಕೊಂಡು ಬಂದರು. ಎಳೆಯಲಿಲ್ಲ, ತೊಡರಲಿಲ್ಲ. ಅಚ್ಚುಕಟ್ಟಾಗಿ, ಅಳತೆ ಕೊಟ್ಟು ಮಾಡಿಸಿದ ಹಾಗೆ, ಘಲ್ ಘಲ್ ಎಂದು ಮೆಟ್ಟಿಲು ಹತ್ತಿ ಬಂದರು. ಜನ ಮತ್ತೆ ನಕ್ಕಿತು. ನಾನು ಮಾತ್ರ ನಗಲಿಲ್ಲ. ಯಾಕೆ ಸರಿಹೋಯಿತು?

ಮೇಲಿನ ಕೋಣೆಗೆ ಓಡಿದೆ. ಅಕ್ಕ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದಳು, ಬಾಸಿಂಗ ಅಲ್ಲಾಡುವ ಹಾಗೆ ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು.

“ಅವತ್ತು ನಿಶ್ಚಿತಾರ್ಥದ ದಿನ ಯಾವ್ ಶೂ ಅಳತೆ ತಗೊಂಡೆ?”

“ಕಪ್ಪುದು. ಲೇಸಿಂದು. ಹೊಸದು.”

“ಥೂ ನಿನ್ನ! ಅದು ಅಪ್ಪಂದು ಕಣೇ.”

ಅವತ್ತು ಅಪ್ಪ ಬೀಗರಿಗೆ ದಾರಿ ತೋರಿಸಲು ಅತ್ತಿಗುಪ್ಪೆ ಬಸ್ ಸ್ಟಾಪಿಗೆ ಹೋಗಬೇಕಿತ್ತು. ಸವೆದ ಚಪ್ಪಲಿಯಲ್ಲಿ ಹೋಗಬೇಡಿ ಎಂದು ಅಕ್ಕ ತಾನೇ ತಂದಿಟ್ಟಿದ್ದ ಶೂವನ್ನು ಬೆಳಿಗ್ಗೆ ಅವರ ಕಾಲಿಗೆ ಹಾಕಿಸಿ ಕಳಿಸಿದ್ದಳಂತೆ. ನಾನಾಗ ಮಹಡಿಯ ಮೇಲೆ ಥರ್ಮಾಕೋಲ್ ಹೂವು ಅಂಟಿಸುತ್ತಿದ್ದೆ. ಸಂಜೆ ಅಪ್ಪ ಅದನ್ನು ಒರೆಸಿ, “ಮದುವೆಗಿರ್ಲಿ” ಎಂದು ಅದರದೇ ರಟ್ಟಿನ ಡಬ್ಬಿಗೆ ಹಾಕಿ ಬೀರುವಿನ ಮೇಲಿಟ್ಟುಬಿಟ್ಟರು. ಮದುವೆಯಲ್ಲಿ ನೋಡಿದರೆ ಶಾಸ್ತ್ರಕ್ಕೆ ಬರಿಗಾಲು. ಭಾವನದು ಆ ಕಂದು ಸ್ಯಾಂಡಲ್, ಏಳನೇ ನಂಬರು ಅಂತ ಆಮೇಲೆ ತಿಳಿಯಿತು.

ಹೊಸದು, ಹೊಳೆಯುತ್ತಿದೆ, ಹಾಗಾದರೆ ನಮ್ಮ ಮನೆಯದಲ್ಲ ಅಂದುಕೊಂಡಿದ್ದೆನಲ್ಲ! ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದರೂ ಅಪ್ಪನ ಕಾಲಿನಲ್ಲಿ ಹೊಸದನ್ನು ಒಂದು ಸಲವೂ ನಾನು ನೋಡಿರಲಿಲ್ಲ. ಅದಕ್ಕೇ ನನಗೆ ಗುರುತು ಸಿಕ್ಕಿರಲಿಲ್ಲ. ನಾಚಿಕೆಯಾಯಿತು.

ಮದುವೆ ಮುಗಿಯಿತು. ಅಕ್ಕ ಹೋದಳು. ಬೀಗರು ಕೊಡೆ, ಬೆತ್ತ ತೆಗೆದುಕೊಂಡು ಹೋದರು, ಶೂ ಬಿಟ್ಟು ಹೋದರು. ಅಪ್ಪ ಪೆಟ್ಟಿಗೆಯ ಮಾತೆತ್ತಲಿಲ್ಲ, ಅದೇ ನನಗೆ ಹಿಂಸೆ. ಗಂಡಿನ ಕಾಲಿಗೆ ಸರಿಹೋಗಬೇಕು ಅಂದಿದ್ದರು, ಹೋಗಿರಲಿಲ್ಲ. ಮಾತು ಅಂದರೆ ಮಾತು. ಮುಂದಿನ ಭಾನುವಾರ ಬೆಳಿಗ್ಗೆ, “ಹಳೇ ಪೇಪರ್, ಹಳೇ ಕಬ್ಣಾ...” ಎಂಬ ಕೂಗು ಕೇಳಿದಾಗ, ಮದುವೆ ಮನೆಯ ಪೇಪರುಗಳ ಜೊತೆ ನಾನೇ ಪೆಟ್ಟಿಗೆ ಹೊತ್ತುಕೊಂಡು ಗೇಟಿಗೆ ಇಳಿದೆ. ಅಳುವ ಹಾಗಿಲ್ಲ ಅಂದಿದ್ದರಲ್ಲ, ಹಲ್ಲು ಕಚ್ಚಿಕೊಂಡಿದ್ದೆ.

ಗುಜರಿಯವರು ಪೆಟ್ಟಿಗೆಯ ಹಿಡಿಗೆ ತಕ್ಕಡಿಯ ಕೊಕ್ಕೆ ಹಾಕಿದರು. ಆಗ ಮೆಟ್ಟಿಲ ಮೇಲೆ ಶಬ್ದವಾಯಿತು. ಘಲ್, ಘಲ್, ಘಲ್.

ಅಪ್ಪ ಇಳಿದು ಬರುತ್ತಿದ್ದರು. ಕೈಯಲ್ಲಿ ಹಾಲಿನ ಬುಟ್ಟಿ, ಕಾಲಿನಲ್ಲಿ ನನ್ನ ಮರೂನ್ ಶೂ, ಉಟ್ಟಿದ್ದು ಒಗೆದೂ ಒಗೆದೂ ಮಾಸಿದ ಗಿಣಿ ಪಂಚೆ. ಕೆಳಗಿನ ಮನೆಯ ಆಂಟಿ ರಂಗೋಲಿ ಬಿಟ್ಟು ಬಾಯಿ ತೆರೆದು ನೋಡುತ್ತಿದ್ದರು.

“ಪೇಪರ್ ಮಾತ್ರ ತೂಕ ಹಾಕಪ್ಪಾ” ಎಂದರು ಅಪ್ಪ. “ಆ ಪೆಟ್ಟಿಗೆ ಮಗೂದು.”

“ಅಪ್ಪಾ, ನೀವು ಹೇಳಿದ್ರಲ್ಲ, ಸರಿಹೋಗ್ಬೇಕು ಅಂತ...”

ಅಪ್ಪ ತಮ್ಮ ಕಾಲು ನೋಡಿಕೊಂಡರು. ಬಲಗಾಲನ್ನು ಸ್ವಲ್ಪ ಎತ್ತಿ, ಅತ್ತ ಇತ್ತ ತಿರುಗಿಸಿದರು.

“ಸರಿಯಾಗೇ ಇದ್ಯಲ್ಲ” ಅಂದರು.

ನನಗೆ ಅಳು ಬಂದೇ ಬಿಟ್ಟಿತು. ಅವರು ಅದನ್ನು ನೋಡದವರ ಹಾಗೆ ಗೇಟು ತೆಗೆದು ಹಾಲಿನ ಬೂತಿನ ಕಡೆ ಹೊರಟರು. ಗೆಜ್ಜೆಯನ್ನು ದಬ್ಬಳದಲ್ಲಿ ಗಟ್ಟಿಯಾಗಿ ಹೊಲಿದಿದ್ದೆ. ಬೀದಿಯ ತಿರುವು ದಾಟುವವರೆಗೂ ಕೇಳಿಸುತ್ತಿತ್ತು.